ಪೆಟ್ಟಿಗೆಯೊಳಗಿನ ಗದ್ದಲ: ಸ್ಯಾಟಲೈಟ್ ಟ್ಯೂನರ್‌ಗೆ ತಗಲುವ ಡಿಜಿಟಲ್ ನಾಯ್ಸ್ ಮತ್ತು ಅದನ್ನು ತಗ್ಗಿಸುವ ಬಗೆ

ಡಿಶ್‌ನ ಮುಂದಿರುವ ಎಲ್‌ಎನ್‌ಬಿ (ಸಂಕೇತ ಹಿಡಿದು ಬಲಗೊಳಿಸುವ ಘಟಕ) ಉಪಗ್ರಹದ ಸಂಕೇತವನ್ನು 950ರಿಂದ 2150 ಮೆಗಾಹರ್ಟ್ಸ್ ಪಟ್ಟಿಗೆ ಇಳಿಸಿ ಕೇಬಲ್ಲಿಗೆ ಬಿಡುತ್ತದೆ. ಈಗ ಸೆಟ್‌ಟಾಪ್ ಬಾಕ್ಸಿನ ಮುಚ್ಚಳ ತೆಗೆದು ನೋಡಿ. ಆ ಕೇಬಲ್ ಬಂದು ಸೇರುವ ಎಫ್ ಕನೆಕ್ಟರಿನಿಂದ ನಾಲ್ಕೈದು ಸೆಂಟಿಮೀಟರ್ ಆಚೆಗೆ ಡಿಡಿಆರ್ ಮೆಮೊರಿ ಇದೆ, ಎಚ್‌ಡಿಎಂಐ ಇದೆ, ಯುಎಸ್‌ಬಿ, ಈಥರ್ನೆಟ್, ಮೂರು ನಾಲ್ಕು ಸ್ವಿಚಿಂಗ್ ರೆಗ್ಯುಲೇಟರುಗಳಿವೆ. ಒಂದೊಂದೂ ತನ್ನ ಕ್ಲಾಕಿನ ಹಾರ್ಮೋನಿಕ್‌ಗಳನ್ನು (ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟುಗಳನ್ನು) ಇದೇ ಪಟ್ಟಿಯೊಳಗೆ ಸುರಿಯುತ್ತಿರುತ್ತದೆ. ಇವತ್ತಿನ ಮಾತು ಬಾಕ್ಸು ತನಗೆ ತಾನೇ ಮಾಡಿಕೊಳ್ಳುವ ಈ ಹಾನಿಯ ಕುರಿತು.

ಬೇಕಾದ ಆವರ್ತನವನ್ನು ಆರಿಸಿಕೊಳ್ಳುವ ಭಾಗವೇ ಟ್ಯೂನರ್. ಹಿಂದೆ ಅದು ತಗಡಿನ ಡಬ್ಬಿ. ಒಳಗೆ 479.5 ಮೆಗಾಹರ್ಟ್ಸ್‌ನ ಐಎಫ್ (ನಡುವಿನ ಆವರ್ತನ), ಅದಕ್ಕೊಂದು ಸಾ (ಎಸ್‌ಎಡಬ್ಲ್ಯು) ಫಿಲ್ಟರ್, ಸುತ್ತಲೂ ಬೆಸುಗೆ ಹಾಕಿದ ಗೋಡೆ. ಈಗ ಅದು ನಾಲ್ಕೈದು ಮಿಲಿಮೀಟರ್ ಚೌಕದ ಒಂದು ಐಸಿ. ಸಂಕೇತವನ್ನು ನೇರವಾಗಿ ಸೊನ್ನೆ ಆವರ್ತನದ ಸುತ್ತ ಇಳಿಸುವ ಝೀರೋ-ಐಎಫ್ ವಿನ್ಯಾಸ. ಬೆಲೆ ಇಳಿಯಿತು, ಜಾಗ ಉಳಿಯಿತು. ಜೊತೆಗೆ ಡಬ್ಬಿಯ ಗೋಡೆ ಹೋಯಿತು, ಫಿಲ್ಟರ್ ಹೋಯಿತು, ಪ್ರೊಸೆಸರಿನ ಗ್ರೌಂಡೂ ಟ್ಯೂನರಿನ ಗ್ರೌಂಡೂ ಒಂದೇ ತಾಮ್ರವಾಯಿತು.

ಎಷ್ಟು ನಾಯ್ಸ್ ಬಂದರೆ ತೊಂದರೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಶೀಲ್ಡು, ಫೆರೈಟ್ ಬೀಡು (ವೇಗದ ನಾಯ್ಸನ್ನು ತಡೆಯುವ ಮಣಿ) ಹಾಕುತ್ತಾ ಹೋದರೆ ದುಡ್ಡು ದಂಡ. ಹಾಗಾಗಿ ಮೊದಲು ಲೆಕ್ಕ.

60 ಸೆಂಟಿಮೀಟರ್ ಡಿಶ್, 20 ಮೀಟರ್ ಆರ್‌ಜಿ-6 ಕೇಬಲ್ ಇರುವ ಮನೆಯಲ್ಲಿ ಬಾಕ್ಸಿಗೆ ಬರುವ ಒಂದು ಟ್ರಾನ್ಸ್‌ಪಾಂಡರಿನ (ಹಲವು ಚಾನೆಲ್ಲುಗಳನ್ನು ಹೊತ್ತ, ಉಪಗ್ರಹದ ಒಂದು ಪ್ರಸಾರದ) ಮಟ್ಟ ಸಾಮಾನ್ಯವಾಗಿ ಮೈನಸ್ 40 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿದ ಡೆಸಿಬಲ್ ಅಳತೆ) ಆಸುಪಾಸು. ಅಲ್ಲಿ ಎಲ್‌ಎನ್‌ಬಿಯಿಂದ ಬರುವ ನಾಯ್ಸೇ ಎಷ್ಟೋ ಮೇಲಿರುತ್ತದೆ, ಬಾಕ್ಸಿನೊಳಗಿನದು ಅದರಡಿ ಮುಚ್ಚಿಹೋಗುತ್ತದೆ. ಕಷ್ಟ ಬರುವುದು ಉದ್ದದ ಕೇಬಲ್, ನಾಲ್ಕು ದಾರಿಯ ಸ್ಪ್ಲಿಟರ್, ಹಳೆಯ ಕನೆಕ್ಟರುಗಳು ಸೇರಿ ಮಟ್ಟ ಮೈನಸ್ 60ಕ್ಕೆ ಇಳಿದಾಗ. ತಿಳಿ ಆಕಾಶದಲ್ಲಿ ಸಂಕೇತ ಮತ್ತು ನಾಯ್ಸ್ ನಡುವಿನ ಅಂತರ 12 ಡಿಬಿ ಎಂದಿಟ್ಟುಕೊಳ್ಳಿ. ಆಗ ಎಲ್‌ಎನ್‌ಬಿ ನಾಯ್ಸ್ ಮೈನಸ್ 72 ಡಿಬಿಎಂ. ಟ್ಯೂನರಿನ ಸ್ವಂತ ಉಷ್ಣ ನಾಯ್ಸ್ ಎಷ್ಟು? 30 ಮೆಗಾಹರ್ಟ್ಸ್ ಅಗಲಕ್ಕೆ ಮೈನಸ್ 99, ಅದಕ್ಕೆ ಟ್ಯೂನರ್ ತಾನೇ ಕೂಡಿಸುವ 10 ಡಿಬಿ (ನಾಯ್ಸ್ ಫಿಗರ್) ಸೇರಿಸಿದರೆ ಮೈನಸ್ 89. ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಯಾವುದೋ ಕ್ಲಾಕಿನ ಹಾರ್ಮೋನಿಕ್ ಒಳಗಿಂದಲೇ ಮೈನಸ್ 72 ಡಿಬಿಎಂನಷ್ಟು ಟ್ಯೂನರಿಗೆ ತಗಲಿತೆನ್ನಿ. ನಾಯ್ಸ್ ಇಮ್ಮಡಿಯಾಯಿತು, 12 ಇದ್ದದ್ದು 9ಕ್ಕೆ ಇಳಿಯಿತು. ಡಿವಿಬಿ-ಎಸ್ (ಉಪಗ್ರಹ ಟಿವಿಯ ಮಾನಕ), ಕ್ಯೂಪಿಎಸ್‌ಕೆ (ಅಲೆಯ ನಾಲ್ಕು ಕೋನಗಳಲ್ಲಿ ದತ್ತಾಂಶ), ಎಫ್‌ಇಸಿ 3/4 (ನಾಲ್ಕು ಬಿಟ್ಟಿನಲ್ಲಿ ಒಂದು ದೋಷ ತಿದ್ದಲು) ಪ್ರಸಾರಕ್ಕೆ ಸುಮಾರು 7 ಡಿಬಿ ಬೇಕೇ ಬೇಕು. ಮಳೆಗೆಂದು ಇಟ್ಟಿದ್ದ 5 ಡಿಬಿಯಲ್ಲಿ ಉಳಿದದ್ದು 2.

ಆ 3 ಡಿಬಿಯನ್ನು ಡಿಶ್‌ನ ಅಳತೆಗೆ ಪರಿವರ್ತಿಸಿ ನೋಡಿ. ನಿಮ್ಮ ಗ್ರಾಹಕ 60 ಸೆಂಟಿಮೀಟರ್ ಡಿಶ್ ಕೊಂಡು ತಂದ, ನಿಮ್ಮ ಬೋರ್ಡು ಅದನ್ನು 42 ಸೆಂಟಿಮೀಟರಿನ ಡಿಶ್ ಮಾಡಿಬಿಟ್ಟಿತು. ಆಗುಂಬೆಯ ಕಡೆ ಜುಲೈ ತಿಂಗಳಲ್ಲಿ ಈ 3 ಡಿಬಿ ಏನೆಂದು ಬೇರೆ ಹೇಳಬೇಕಿಲ್ಲ. ಅದೇ ಹಾರ್ಮೋನಿಕ್ಕು ಮೈನಸ್ 85ರಲ್ಲಿದ್ದರೆ ನಷ್ಟ ಬರೀ 0.2 ಡಿಬಿ. ಆದ್ದರಿಂದ ಗುರಿ ಸ್ಪಷ್ಟ: ಒಳಗಿನ ಯಾವ ಕ್ಲಾಕೂ ಟ್ಯೂನರಿನ ಬಾಗಿಲಲ್ಲಿ ಮೈನಸ್ 85 ಡಿಬಿಎಂಗಿಂತ ಮೇಲೆ ಕಾಣಬಾರದು.

ಈಗ ಒಂದು ನಿಜವಾದ ಆವರ್ತನ ತೆಗೆದುಕೊಳ್ಳೋಣ. ಹಾಸನದ ಇಸ್ರೋ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಡಿಡಿ ಫ್ರೀ ಡಿಶ್ ಬರುವುದು ಅದರಿಂದಲೇ. ಅದರ ಒಂದು ಟ್ರಾನ್ಸ್‌ಪಾಂಡರ್ 11090 ಮೆಗಾಹರ್ಟ್ಸ್, ಸಿಂಬಲ್ ರೇಟ್ 29500 (ಸೆಕೆಂಡಿಗೆ ಅಷ್ಟು ಸಾವಿರ ಸಿಂಬಲ್). ಎಲ್‌ಎನ್‌ಬಿ ಒಳಗಿನ ಆಂದೋಲಕದ ಆವರ್ತನ 9750ನ್ನು ಕಳೆದರೆ 1340. ಅಂದರೆ ಸರಿಸುಮಾರು 1325ರಿಂದ 1355ರವರೆಗೆ ಸಂಕೇತದ ತಿರುಳು ಇದೆ. ಈ ಮೂವತ್ತು ಮೆಗಾಹರ್ಟ್ಸ್ ಜಾಗಕ್ಕೆ ಬಾಕ್ಸಿನೊಳಗಿಂದ ಯಾರು ಯಾರು ಬರುತ್ತಾರೆ?

ಎಂಪೆಗ್ ವ್ಯವಸ್ಥೆಯ 27 ಮೆಗಾಹರ್ಟ್ಸ್, 50ನೆಯ ಹಾರ್ಮೋನಿಕ್ 1350. ಈಥರ್ನೆಟ್ಟಿನ 25 ಮೆಗಾಹರ್ಟ್ಸ್, 54ನೆಯದು ಮತ್ತೆ 1350. ಇವೆರಡೂ ಬಹಳ ದೂರದ ಹಾರ್ಮೋನಿಕ್‌ಗಳು, ಕ್ಲಾಕಿನ ಅಂಚುಗಳನ್ನು (ಏರಿಳಿಯುವ ಕ್ಷಣಗಳನ್ನು) ಸ್ವಲ್ಪ ನಿಧಾನ ಮಾಡಿದರೆ ಸತ್ತುಹೋಗುತ್ತವೆ. ಡಿಡಿಆರ್3-1333 ಮೆಮೊರಿ, ಕ್ಲಾಕ್ 666.67, ಎರಡನೆಯ ಹಾರ್ಮೋನಿಕ್ 1333.3. ಇದು ಬಲವಾದದ್ದು. ಆಮೇಲೆ ಎಚ್‌ಡಿಎಂಐ. 1080ಪಿ ಚಿತ್ರಕ್ಕೆ ಅದರ ಕ್ಲಾಕ್ 148.5 ಮೆಗಾಹರ್ಟ್ಸ್, ಒಂಬತ್ತರಿಂದ ಗುಣಿಸಿ: 1336.5. ಟ್ರಾನ್ಸ್‌ಪಾಂಡರಿನ ನಡುವಿನಿಂದ ಬರೀ 3.5 ಮೆಗಾಹರ್ಟ್ಸ್ ಪಕ್ಕಕ್ಕೆ.

ಒಂಬತ್ತನೆಯ ಹಾರ್ಮೋನಿಕ್ ಅಷ್ಟು ಜೋರಾಗಿರಲು ಕಾರಣವಿದೆ. ಚೌಕಾಕಾರದ ಅಲೆಯ ಬೆಸ ಹಾರ್ಮೋನಿಕ್‌ಗಳು ಮೊದಲು ಆವರ್ತನ ಹತ್ತು ಪಟ್ಟಾದಾಗಲೆಲ್ಲ 20 ಡಿಬಿಯಂತೆ ಇಳಿಯುತ್ತವೆ. ಅಂಚಿನ ಏರಿಕೆಯ ಅವಧಿಯನ್ನು ಪೈನಿಂದ ಗುಣಿಸಿ, ಅದರಿಂದ ಒಂದನ್ನು ಭಾಗಿಸಿದರೆ ಸಿಗುವ ಆವರ್ತನ ದಾಟಿದ ಮೇಲೆ 40 ಡಿಬಿಯಂತೆ. ಎಚ್‌ಡಿಎಂಐ ಅಂಚು 150 ಪಿಕೋಸೆಕೆಂಡ್ ಎಂದುಕೊಂಡರೆ ಆ ತಿರುವು ಬರುವುದು 2.1 ಗಿಗಾಹರ್ಟ್ಸ್‌ನಲ್ಲಿ. ನಮ್ಮ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಅದಕ್ಕಿಂತ ಕೆಳಗೆ, ಒಂಬತ್ತನೆಯದು ಮೂಲಕ್ಕಿಂತ ಬರೀ 19 ಡಿಬಿ ಕಡಿಮೆ. ಅದೇ ಟ್ರಾನ್ಸ್‌ಪೋರ್ಟ್ ಸ್ಟ್ರೀಮಿನ (ಬಿಡಿಸಿದ ಚಿತ್ರ-ಧ್ವನಿಯ ದತ್ತಾಂಶದ) ಗೆರೆಗಳಲ್ಲಿ 1 ನ್ಯಾನೋಸೆಕೆಂಡ್ ಅಂಚನ್ನು 3 ನ್ಯಾನೋಸೆಕೆಂಡಿಗೆ ನಿಧಾನಿಸಿದರೆ 1 ಗಿಗಾಹರ್ಟ್ಸ್ ಮೇಲೆ ಒಂಬತ್ತೂವರೆ ಡಿಬಿ ಉಳಿತಾಯ. ಅದಕ್ಕೆ ಬೇಕಾದ್ದು ಚಿಪ್ಪಿನ ಡ್ರೈವ್ ಸ್ಟ್ರೆಂತ್ ರಿಜಿಸ್ಟರಿನಲ್ಲಿ ಒಂದು ಬದಲಾವಣೆ, ಮತ್ತು ಡ್ರೈವರಿನ ಪಕ್ಕದಲ್ಲೇ 33ರಿಂದ 47 ಓಮ್‌ನ ಸೀರೀಸ್ ರೆಸಿಸ್ಟರುಗಳು. ಗೆರೆಯ ಆ ಕೊನೆಯಲ್ಲಿ ಹಾಕಿದರೆ ಪ್ರಯೋಜನ ಇಲ್ಲ, ಎಷ್ಟೋ ಬೋರ್ಡುಗಳಲ್ಲಿ ಜಾಗ ಸಿಕ್ಕ ಕಡೆ ಹಾಕಿರುತ್ತಾರೆ.

ಎಚ್‌ಡಿಎಂಐ ಮೇಲೆ ಅನುಮಾನ ಬಂದರೆ ಪರೀಕ್ಷೆ ಸುಲಭ. ಮೆನುವಿನಲ್ಲಿ 1080ಪಿ ಬಿಟ್ಟು 1080ಐ ಆರಿಸಿ. ಕ್ಲಾಕ್ 74.25ಕ್ಕೆ ಇಳಿಯುತ್ತದೆ. 1336.5 ಈಗಲೂ ಅದರ 18ನೆಯ ಹಾರ್ಮೋನಿಕ್ಕೇ, ಆದರೆ ಸರಿಸಂಖ್ಯೆಯದು. ಮೇಲಿನ ಅರ್ಧ ಕೆಳಗಿನ ಅರ್ಧ ಸಮನಾಗಿರುವ ಅಲೆಯಲ್ಲಿ ಸರಿ ಹಾರ್ಮೋನಿಕ್ ತೀರಾ ಬಡಕಲು. ಆಯ್ಕೆ ಬದಲಿಸಿದೊಡನೆ 11090ರ ಸಿಗ್ನಲ್ ಕ್ವಾಲಿಟಿ ಏರಿದರೆ ಕಳ್ಳ ಸಿಕ್ಕಿದ.

ಆವರ್ತನಗಳ ಈ ಲೆಕ್ಕವನ್ನು ಬೋರ್ಡು ಬಿಡಿಸುವ ಮೊದಲೇ ಮಾಡಿ ಎಂಬುದು ನನ್ನ ಒತ್ತಾಯ. ನೀವು ಹಿಡಿಯಬೇಕಾದ ಟ್ರಾನ್ಸ್‌ಪಾಂಡರುಗಳನ್ನು ಒಂದು ಕಾಲಂನಲ್ಲಿ ಬರೆಯಿರಿ, ಪ್ರತಿ ಕ್ಲಾಕಿನ ಹಾರ್ಮೋನಿಕ್‌ಗಳನ್ನು ಎದುರಿಗೆ. ಕೆಲವು ಕ್ಲಾಕುಗಳು ನಿಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಎಚ್‌ಡಿಎಂಐ ಕ್ಲಾಕು ಮಾನಕದ್ದು, ಅಲುಗಿಸಲಾಗದು, ಅದನ್ನು ಲೇಔಟ್‌ನಲ್ಲೇ ಕಟ್ಟಿಹಾಕಬೇಕು. ಡಿಡಿಆರ್ ಕ್ಲಾಕನ್ನು 667ರ ಬದಲು 640 ಮಾಡಿದರೆ ಎರಡನೆಯ ಹಾರ್ಮೋನಿಕ್ 1280ಕ್ಕೆ ಸರಿಯುತ್ತದೆ, ಆದರೆ ಮೂರನೆಯದು 1920ಕ್ಕೆ ಬಂದು ಕೂರುತ್ತದೆ. ಅಲ್ಲಿ ಏನಿದೆ ನೋಡಿಕೊಳ್ಳಿ. ಚಾನೆಲ್ ಬದಲಿಸಿದಂತೆ ಡಿಡಿಆರ್ ಕ್ಲಾಕ್ ಬದಲಿಸುವ ಯೋಚನೆಯನ್ನು ಮಾತ್ರ ಕೈಬಿಡಿ. ಮೆಮೊರಿಯ ಸಮಯವನ್ನು ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತದೆ, ಬಾಕ್ಸು ನಡುವೆಯೇ ನಿಂತುಹೋಗುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಲೆಕ್ಕ ಹೊರಗಿನ ಅಡ್ಡಿಗೂ ನಡೆಯುತ್ತದೆ. ಯುರೋಪಿನ ಮನೆಗಳ ಡೆಕ್ಟ್ ಕಾರ್ಡ್‌ಲೆಸ್ ಫೋನುಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. 12480ರ ಟ್ರಾನ್ಸ್‌ಪಾಂಡರಿನಿಂದ ಎಲ್‌ಎನ್‌ಬಿ ಮೇಲಿನ ಪಟ್ಟಿಗೆ ಬಳಸುವ 10600 ಕಳೆಯಿರಿ, 1880 ಬಂತು. ಫೋನು ಎತ್ತಿದರೆ ಚಿತ್ರ ಚೌಕಚೌಕವಾಗಿ ಒಡೆಯಲು ಅಷ್ಟು ಸಾಕು. ನಮ್ಮಲ್ಲಿ 1800ರ ಪಟ್ಟಿಯ ಮೊಬೈಲ್ ಟವರುಗಳ ಪ್ರಸಾರ 1805ರಿಂದ 1880. ಸಡಿಲ ಕನೆಕ್ಟರಿನ ಸಂದಿಯಿಂದ ಒಳಬರಲು ಅದಕ್ಕೂ ದಾರಿ ಬೇಕಾದಷ್ಟಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ನಮ್ಮ ಬಾಕ್ಸು ಇಎಂಸಿ ಪರೀಕ್ಷೆ ಪಾಸಾಗಿದೆ, ನಾಯ್ಸ್ ಇರಲಾರದು" ಎನ್ನುವವರಿದ್ದಾರೆ. ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಪರೀಕ್ಷೆ ಅಳೆಯುವುದು ಬಾಕ್ಸಿನಿಂದ ಮೂರು ಮೀಟರ್ ಆಚೆ ಏನು ಕೇಳಿಸುತ್ತದೆ ಎಂಬುದನ್ನು. ಟ್ಯೂನರ್ ಕೂತಿರುವುದು ಮೂರು ಸೆಂಟಿಮೀಟರ್ ಆಚೆ. ಪಾಸಾಗಲು ಮಾಡುವ ಉಪಾಯಗಳೂ ಟ್ಯೂನರಿಗೆ ನೆರವಾಗಲೇಬೇಕೆಂದಿಲ್ಲ. ಸ್ಪ್ರೆಡ್ ಸ್ಪೆಕ್ಟ್ರಮ್ ತೆಗೆದುಕೊಳ್ಳಿ. ಡಿಡಿಆರ್ ಕ್ಲಾಕನ್ನು ಶೇಕಡಾ 0.5ರಷ್ಟು ತೂಗಾಡಿಸಿದರೆ 1333ರ ಗೆರೆ 6.7 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ. ಇಎಂಸಿ ರಿಸೀವರ್ 1 ಗಿಗಾಹರ್ಟ್ಸ್ ಮೇಲೆ ನೋಡುವುದು 1 ಮೆಗಾಹರ್ಟ್ಸ್ ಅಗಲದ ಕಿಂಡಿಯಿಂದ, ಅದಕ್ಕೆ ಸುಮಾರು 8 ಡಿಬಿ ಇಳಿದಂತೆ ಕಾಣುತ್ತದೆ. ನಮ್ಮ ಟ್ರಾನ್ಸ್‌ಪಾಂಡರಿನ ಅಗಲ 30 ಮೆಗಾಹರ್ಟ್ಸ್. ಹರಡಿದ್ದೆಲ್ಲ ಅದರೊಳಗೇ ಇದೆ, ಒಟ್ಟು ಶಕ್ತಿಯಲ್ಲಿ ಚೂರೂ ಕಡಿಮೆಯಾಗಿಲ್ಲ.

ಈಗ ನಾಯ್ಸ್ ನಡೆದು ಬರುವ ದಾರಿಗಳು. ಬಹಳ ಮಂದಿ ಗಾಳಿಯಲ್ಲಿ ಹಾರಿ ಬರುವುದನ್ನೇ ಯೋಚಿಸಿ ಮೇಲೊಂದು ತಗಡಿನ ಮುಚ್ಚಳ ಹಾಕಿ ಸುಮ್ಮನಾಗುತ್ತಾರೆ. ಬೋರ್ಡಿನ ಗ್ರೌಂಡ್ ತಾಮ್ರದಲ್ಲಿ ಬರುವುದಕ್ಕೆ ಮುಚ್ಚಳ ಏನು ಮಾಡೀತು? ಹೊರಟ ಪ್ರತಿ ಕರೆಂಟೂ ಮರಳಿ ಬರಬೇಕು. ಹೆಚ್ಚಿನ ಆವರ್ತನದಲ್ಲಿ ಅದು ಮರಳುವುದು ತನ್ನ ಗೆರೆಯ ನೇರ ಕೆಳಗಿನ ತಾಮ್ರದಲ್ಲಿ. ಆ ತಾಮ್ರವನ್ನು ಸೀಳಿದರೆ ಕರೆಂಟು ಸುತ್ತು ಹಾಕಿಕೊಂಡು ಬರುತ್ತದೆ, ಆ ಸುತ್ತೇ ಆಂಟೆನಾ. ಅನಲಾಗ್ ಗ್ರೌಂಡ್ ಬೇರೆ, ಡಿಜಿಟಲ್ ಗ್ರೌಂಡ್ ಬೇರೆ ಎಂದು ಸೀಳಿ ಒಂದು ಕಡೆ ಮಾತ್ರ ಸೇರಿಸುವ ಹಳೆಯ ಪದ್ಧತಿಯನ್ನು ಟ್ಯೂನರ್ ಬೋರ್ಡಿನಲ್ಲಿ ಮಾಡಬೇಡಿ. ಐ2ಸಿ (ಚಿಪ್ಪುಗಳು ಮಾತಾಡುವ ಎರಡು ತಂತಿಯ ಬಸ್ಸು), ಎಜಿಸಿ (ಗೇನನ್ನು ತಾನಾಗಿ ಹೊಂದಿಸುವ ವ್ಯವಸ್ಥೆ), ರಿಸೆಟ್ ಗೆರೆಗಳು ಆ ಸೀಳನ್ನು ದಾಟಿಯೇ ದಾಟುತ್ತವೆ. ಗ್ರೌಂಡ್ ಅಖಂಡವಾಗಿರಲಿ, ಭಾಗಗಳನ್ನು ಮಾತ್ರ ಬೇರೆ ಬೇರೆ ಕಡೆ ಕೂರಿಸಿ. ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ಓಡಾಡುವ ಕರೆಂಟಿಗೆ ಟ್ಯೂನರಿನ ಕೆಳಗೆ ಹಾದುಹೋಗುವ ಕಾರಣವೇ ಇರಬಾರದು. ಎರಡು ಪದರದ ಅಗ್ಗದ ಬೋರ್ಡಾದರೆ ಟ್ಯೂನರ್ ಮತ್ತು ಡಿಮಾಡ್ಯುಲೇಟರ್ (ಟ್ಯೂನರ್ ಕೊಟ್ಟ ಅಲೆಯಿಂದ ಬಿಟ್ಟುಗಳನ್ನು ಬಿಡಿಸುವ ಚಿಪ್ಪು) ಕೆಳಗಿನ ಪದರದಲ್ಲಿ ಒಂದು ಗೆರೆಯನ್ನೂ ಎಳೆಯಬೇಡಿ. ದಾಟಲೇಬೇಕಾದರೆ ಮೇಲಿನಿಂದ ಸೊನ್ನೆ ಓಮ್ ಜಂಪರ್ ಹಾಕಿ.

ಐಸಿಯ ಹೊಟ್ಟೆಯಡಿಯ ಪ್ಯಾಡೇ ಅದರ ನಿಜವಾದ ಗ್ರೌಂಡ್ ಕಾಲು. ಅಲ್ಲಿ ಒಂಬತ್ತಾದರೂ ವಯಾ (ಪದರಗಳನ್ನು ಜೋಡಿಸುವ ತಾಮ್ರದ ತೂತು) ಇರಲಿ. ಒಂದು ವಯಾಕ್ಕೆ 1 ನ್ಯಾನೋಹೆನ್ರಿ ಇಂಡಕ್ಟನ್ಸ್ ಎಂದರೆ 1340ರಲ್ಲಿ ಅದು 8.4 ಓಮ್. ಬೆಸುಗೆಯ ಪೇಸ್ಟ್ ಕಡಿಮೆಯಾಗಿ ಅಡಿಯಲ್ಲಿ ಗುಳ್ಳೆ ಉಳಿದರೆ ಒಂದೇ ಬ್ಯಾಚಿನ ಕೆಲವು ಬಾಕ್ಸುಗಳು ಮಾತ್ರ ಕೆಡುತ್ತವೆ. ವಿನ್ಯಾಸಕಾರ ವಿನ್ಯಾಸದಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾನೆ.

ಪೂರೈಕೆಯ ನಾಯ್ಸನ್ನು ಗ್ರೌಂಡಿಗೆ ಇಳಿಸುವ ಡಿಕಪ್ಲಿಂಗ್ ಕೆಪಾಸಿಟರಿನ ವಿಷಯದಲ್ಲೂ ಇದೇ ಇಂಡಕ್ಟನ್ಸ್ ಕಾಡುತ್ತದೆ. ಎಲ್ಲರೂ 100 ನ್ಯಾನೋಫ್ಯಾರಡ್ ಹಾಕುತ್ತಾರೆ. 1 ನ್ಯಾನೋಹೆನ್ರಿ ಜೊತೆ ಸೇರಿದರೆ ಅದರ ಅನುರಣನ 16 ಮೆಗಾಹರ್ಟ್ಸ್‌ನಲ್ಲಿ, ಅದರಾಚೆ ಅದು ಬರೀ ಇಂಡಕ್ಟರ್. 1 ಗಿಗಾಹರ್ಟ್ಸ್ ಆಸುಪಾಸಿನ ನಾಯ್ಸನ್ನು ಗ್ರೌಂಡಿಗಿಳಿಸಲು 22ರಿಂದ 33 ಪಿಕೋಫ್ಯಾರಡ್ ಬೇಕು, ಪಿನ್ನಿಗೆ ಅತಿ ಹತ್ತಿರ. ದೊಡ್ಡದು ಅದರ ಹಿಂದೆ ಇರಲಿ. ಫೆರೈಟ್ ಬೀಡ್ ಹಾಕುವಾಗಲೂ ಎಚ್ಚರ. 100 ಮೆಗಾಹರ್ಟ್ಸ್‌ನಲ್ಲಿ 600 ಓಮ್ ಎಂದು ಬರೆದಿರುವುದು ಡಿಸಿ ಕರೆಂಟ್ ಹರಿಯದಿದ್ದಾಗಿನ ಮಾತು. ಕಡಿಮೆ ಆವರ್ತನದಲ್ಲಿ ಅದು ಸುಮಾರು 1 ಮೈಕ್ರೋಹೆನ್ರಿಯ ಸುರುಳಿ. ಅದರ ಮುಂದೆ 1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದೇ ಇದ್ದರೆ 160 ಕಿಲೋಹರ್ಟ್ಸ್ ಹತ್ತಿರ ಎರಡೂ ಸೇರಿ ರಿಂಗಣಿಸುತ್ತವೆ, ಪೂರೈಕೆಯಲ್ಲಿದ್ದ ರಿಪಲ್ (ಸಣ್ಣ ಏರಿಳಿತ) ಇನ್ನೂ ದೊಡ್ಡದಾಗುತ್ತದೆ. ಪಕ್ಕದಲ್ಲಿ 10 ಮೈಕ್ರೋಫ್ಯಾರಡ್ ಮತ್ತು 1 ಓಮ್ ಸರಣಿಯಲ್ಲಿ ಸೇರಿಸಿ ಕೊಟ್ಟರೆ ಆ ರಿಂಗಣ ಅಡಗುತ್ತದೆ.

ರಿಪಲ್ ಅತಿ ಹೆಚ್ಚು ಕೆಡುಕು ಮಾಡುವ ಜಾಗ ಟ್ಯೂನರಿನ ವಿಸಿಒ, ಅಂದರೆ ವೋಲ್ಟೇಜಿಗೆ ತಕ್ಕಂತೆ ಆವರ್ತನ ಬದಲಿಸುವ ಆಂದೋಲಕ. ಅದರ ಕಂಟ್ರೋಲ್ ಗೆರೆಗೆ ವೋಲ್ಟಿಗೆ 50 ಮೆಗಾಹರ್ಟ್ಸ್ ಗೇನ್ ಇದ್ದು, 500 ಕಿಲೋಹರ್ಟ್ಸ್‌ನ ಸ್ವಿಚಿಂಗ್ ರಿಪಲ್ ಬರೀ 1 ಮಿಲಿವೋಲ್ಟ್ ತಗಲಿದರೆ ಸಾಕು, ಆವರ್ತನ 50 ಕಿಲೋಹರ್ಟ್ಸ್ ಅತ್ತಿತ್ತ ಓಲಾಡುತ್ತದೆ. ಈ 50ನ್ನು ರಿಪಲ್‌ನ 500ರಿಂದ ಭಾಗಿಸಿದರೆ ಮಾಡ್ಯುಲೇಷನ್ ಇಂಡೆಕ್ಸ್ 0.1. ಪಕ್ಕದ ಗೆರೆಗಳು ಮೈನಸ್ 26 ಡಿಬಿಸಿ (ಮುಖ್ಯ ಅಲೆಗಿಂತ 26 ಡಿಬಿ ಕೆಳಗೆ). ಕೋನದ ಲೆಕ್ಕದಲ್ಲಿ 5.7 ಡಿಗ್ರಿ. ಎಂಟು ಕೋನಗಳಲ್ಲಿ ದತ್ತಾಂಶ ಹೊರುವ 8ಪಿಎಸ್‌ಕೆಯಲ್ಲಿ ಒಂದು ಚುಕ್ಕಿಯ ಗಡಿ ಇರುವುದೇ 22.5 ಡಿಗ್ರಿಯಲ್ಲಿ, ಅದರ ಕಾಲುಭಾಗ ಹೋಯಿತು. ಡಿಮಾಡ್ಯುಲೇಟರಿನ ಕ್ಯಾರಿಯರ್ ಲೂಪ್ ಇಷ್ಟು ಬೇಗದ ಓಲಾಟವನ್ನು ಹಿಂಬಾಲಿಸಲಾರದು. ಸಂಕೇತ ಎಷ್ಟೇ ಬಲವಾಗಿರಲಿ ಈ ಹಾನಿ ತಪ್ಪದು, ಹೊಸ ಡಿಶ್ ಹಾಕಿದರೂ ಹೋಗದು. ಆದ್ದರಿಂದ ಲೂಪ್ ಫಿಲ್ಟರಿನ ಬಿಡಿಭಾಗಗಳು ಐಸಿಗೆ ಅಂಟಿಕೊಂಡಂತೆ ಇರಲಿ, ಅವುಗಳ ಗ್ರೌಂಡು ಐಸಿಯ ಪ್ಯಾಡಿನಲ್ಲೇ ಇಳಿಯಲಿ. ವಿಸಿಒ ಪೂರೈಕೆಗೆ ಬೇರೆಯೇ ಎಲ್‌ಡಿಒ (ಸ್ವಿಚಿಂಗ್ ಇಲ್ಲದ ರೆಗ್ಯುಲೇಟರ್) ಕೊಡಿ. ಕೊಡುವಾಗ ಎಲ್‌ಡಿಒ 1 ಮೆಗಾಹರ್ಟ್ಸ್‌ನಲ್ಲಿ ಎಷ್ಟು ತಡೆಯುತ್ತದೆ ಎಂದು ಗ್ರಾಫಿನಲ್ಲಿ ನೋಡಿ. ಡೇಟಾಶೀಟಿನ ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಿರುವ ಅಂಕಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನದು.

ಐ2ಸಿ ಬಸ್ಸನ್ನು ಕಡೆಗಣಿಸುವವರು ಹೆಚ್ಚು. ಪ್ರೊಸೆಸರು ಮುಂದಿನ ಫಲಕದೊಡನೆ, ಎಚ್‌ಡಿಎಂಐನೊಡನೆ ಅದೇ ಎರಡು ತಂತಿಯಲ್ಲಿ ಮಾತಾಡುತ್ತಿರುತ್ತದೆ, ಆ ಅಂಚುಗಳೆಲ್ಲ ಟ್ಯೂನರಿನ ಒಳಕ್ಕೆ ಹೊಕ್ಕುತ್ತವೆ. ಇದಕ್ಕೆಂದೇ ಬಹುತೇಕ ಡಿಮಾಡ್ಯುಲೇಟರುಗಳಲ್ಲಿ ಒಂದು ಗೇಟ್ ಇದೆ. ಟ್ಯೂನರನ್ನು ಡಿಮಾಡ್ಯುಲೇಟರಿನ ಹಿಂದೆ ಕಟ್ಟಿ, ಚಾನೆಲ್ ಬದಲಿಸುವಾಗ ಗೇಟ್ ತೆರೆದು ರಿಜಿಸ್ಟರ್ ಬರೆದು, ಕೂಡಲೇ ಮುಚ್ಚಬೇಕು. ಚಾಲಕ ತಂತ್ರಾಂಶದಲ್ಲಿ ಮುಚ್ಚುವ ಸಾಲು ಬಿಟ್ಟುಹೋಗಿರುವುದು, ಇಲ್ಲವೇ ದೋಷ ಬಂದಾಗ ಬೇಗ ಹಿಂತಿರುಗುವ ದಾರಿಯಲ್ಲಿ ಮುಚ್ಚದೆ ಹೊರಬರುವುದು ಸಾಮಾನ್ಯ ತಪ್ಪು. ರಿಮೋಟ್ ಒತ್ತಿದಾಗಲೆಲ್ಲ ಚಿತ್ರ ಒಮ್ಮೆ ಮಿಣುಕಿದರೆ ಮೊದಲು ಇದನ್ನು ನೋಡಿ.

ಎಜಿಸಿ ಗೆರೆಯೂ ಹೀಗೆಯೇ. ಡಿಮಾಡ್ಯುಲೇಟರ್ ಕೊಡುವುದು ಒಂದು ಬಿಟ್ಟಿನ ವೇಗದ ಮಿಡಿತಗಳನ್ನು, ಟ್ಯೂನರಿಗೆ ಬೇಕಾದ್ದು ಶಾಂತವಾದ ಡಿಸಿ. 1 ಕಿಲೋಓಮ್, 10 ನ್ಯಾನೋಫ್ಯಾರಡ್ ಜೋಡಿಸಿದರೆ 16 ಕಿಲೋಹರ್ಟ್ಸ್‌ನಲ್ಲಿ ತಿರುವು, ಒಂದರ ಹಿಂದೊಂದು ಎರಡು ಹಂತ ಇದ್ದರೆ ಇನ್ನೂ ಒಳ್ಳೆಯದು. ಕೆಪಾಸಿಟರ್ ಟ್ಯೂನರಿನ ಬದಿಯಲ್ಲಿ, ಟ್ಯೂನರಿನ ಗ್ರೌಂಡಿಗೆ. ಡಿಮಾಡ್ಯುಲೇಟರಿನ ಬದಿಯಲ್ಲಿ ಇಳಿಸಿದರೆ ಎರಡು ಗ್ರೌಂಡುಗಳ ನಡುವಿನ ವ್ಯತ್ಯಾಸವೇ ಗೇನನ್ನು ಅಲುಗಿಸುತ್ತದೆ.

ಝೀರೋ-ಐಎಫ್‌ನಲ್ಲಿ ಟ್ಯೂನರಿನಿಂದ ಡಿಮಾಡ್ಯುಲೇಟರಿಗೆ ಸಂಕೇತ ಒಯ್ಯುವ ಐ ಮತ್ತು ಕ್ಯೂ ಗೆರೆಗಳು ಸೊನ್ನೆಯಿಂದ 20 ಮೆಗಾಹರ್ಟ್ಸ್‌ವರೆಗೆ ತೆರೆದ ಕಿವಿಗಳು. ಇಲ್ಲಿ ಹಾರ್ಮೋನಿಕ್ ಬೇಕಿಲ್ಲ, ಮೂಲ ಕ್ಲಾಕೇ ಸಾಕು. 29500 ಸಿಂಬಲ್ ರೇಟ್, 3/4ಕ್ಕೆ ಹೊರಬರುವ ದತ್ತಾಂಶ ಸೆಕೆಂಡಿಗೆ 40.8 ಮೆಗಾಬಿಟ್. ಎಂಟು ಗೆರೆಗಳಲ್ಲಿ ಸಮಾನಾಂತರವಾಗಿ ಕಳಿಸಿದರೆ ಕ್ಲಾಕ್ 5.1 ಮೆಗಾಹರ್ಟ್ಸ್. ಅದೂ ಅದರ ಇಮ್ಮಡಿ, ಮುಮ್ಮಡಿಯೂ ನೇರ ಸಂಕೇತದ ಮೇಲೆಯೇ ಬೀಳುತ್ತವೆ. ಆದ್ದರಿಂದ ಐಕ್ಯೂ ಗೆರೆಗಳು ಡಿಮಾಡ್ಯುಲೇಟರಿನ ಒಂದು ಬದಿಯಲ್ಲಿ, ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎದುರು ಬದಿಯಲ್ಲಿ. ಅವು ಪಕ್ಕಪಕ್ಕ ಓಡಿದ್ದು ಕಂಡರೆ ಲೇಔಟನ್ನು ವಾಪಸ್ ಕಳಿಸಿ.

ಶೀಲ್ಡ್ ಬಗ್ಗೆ ಎರಡೇ ಮಾತು. ಗೋಡೆಯ ಕೆಳಗಿನ ವಯಾಗಳು 3 ಮಿಲಿಮೀಟರಿಗೊಂದು ಇರಲಿ, 2150 ಮೆಗಾಹರ್ಟ್ಸ್‌ನಲ್ಲಿ ಬೋರ್ಡಿನೊಳಗಿನ ತರಂಗಾಂತರದ ಇಪ್ಪತ್ತನೆಯ ಒಂದು ಭಾಗ ಸುಮಾರು ಅಷ್ಟೇ. ಗೋಡೆ ದಾಟುವ ಪ್ರತಿ ಗೆರೆಗೂ ದಾಟುವ ಜಾಗದಲ್ಲೇ ರೆಸಿಸ್ಟರ್ ಅಥವಾ ಬೀಡ್ ಬೇಕು.

ಹಿಂಬದಿಯ ಕನೆಕ್ಟರುಗಳನ್ನು ಎಲ್ಲಿಡಬೇಕು ಎಂಬುದು ಚರ್ಚೆಯ ವಿಷಯ. ಎಚ್‌ಡಿಎಂಐಯನ್ನು ಟ್ಯೂನರಿನಿಂದ ದೂರ ಇಡಲೆಂದು ಎದುರಿನ ಅಂಚಿಗೆ ಹಾಕುವವರಿದ್ದಾರೆ. ಆಗ ಎಚ್‌ಡಿಎಂಐ ಕೇಬಲ್ಲಿನ ಕಾಮನ್ ಮೋಡ್ (ಜೋಡಿಯ ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ಹರಿಯುವ) ಕರೆಂಟು ಡಿಶ್‌ನ ಕೇಬಲ್ಲಿನ ಹೊರಕವಚಕ್ಕೆ ಹೋಗಲು ಇಡೀ ಬೋರ್ಡನ್ನು, ಟ್ಯೂನರಿನ ನೆಲವನ್ನೂ ಸೇರಿಸಿ, ಹಾಯಬೇಕಾಗುತ್ತದೆ. ನನ್ನ ಮತ ಎಲ್ಲವೂ ಒಂದೇ ಅಂಚಿನಲ್ಲಿರಲಿ ಎಂದು. ಎಫ್ ಒಂದು ತುದಿ, ಎಚ್‌ಡಿಎಂಐ ಮತ್ತು ಪವರ್ ಇನ್ನೊಂದು ತುದಿ. ಎಲ್ಲವುಗಳ ಲೋಹದ ಮೈ ಹಿಂಬದಿಯ ತಗಡಿಗೆ ಬಿಗಿಯಾಗಿ ತಾಗಲಿ, ಕರೆಂಟು ಆ ತಗಡಿನಲ್ಲೇ ಹೋಗಿಬರಲಿ. ತಗಡಿಗೆ ಪೌಡರ್ ಕೋಟಿಂಗ್ ಆಗಿದ್ದರೆ ತಿರುಪಿನ ಜಾಗದಲ್ಲಿ ಬಣ್ಣ ಇರಬಾರದು, ಹಲ್ಲಿರುವ ವಾಷರ್ ಹಾಕಿ. ಎಚ್‌ಡಿಎಂಐ ಜೋಡಿಗೆರೆಗಳಲ್ಲಿ ಒಂದು ಇನ್ನೊಂದಕ್ಕಿಂತ 5 ಮಿಲಿಮೀಟರ್ ಉದ್ದವಾದರೆ ಸುಮಾರು 30 ಪಿಕೋಸೆಕೆಂಡ್ ಹಿಂದುಮುಂದು. ಕಾಮನ್ ಮೋಡ್ ಹುಟ್ಟುವುದೇ ಅಲ್ಲಿ. ಮೊದಲು ಅದನ್ನು ಸರಿಮಾಡಿ, ಕಾಮನ್ ಮೋಡ್ ತಡೆಯುವ ಚೋಕ್ (ಸುರುಳಿ) ಆಮೇಲೆ.

ಇನ್ನು ಅಳೆಯುವುದು. ಉಪಕರಣ ಏನೂ ಇಲ್ಲದಿದ್ದರೂ ಒಂದು ದಾರಿ ಇದೆ. ಎಲ್‌ಎನ್‌ಬಿ ವೋಲ್ಟೇಜ್ ನಿಲ್ಲಿಸಿ, ಎಫ್ ಕನೆಕ್ಟರಿಗೆ 75 ಓಮ್‌ನ ಟರ್ಮಿನೇಟರ್ ಹಾಕಿ, ಟ್ಯೂನರಿನ ಬೇಸ್‌ಬ್ಯಾಂಡ್ ಫಿಲ್ಟರನ್ನು ಅತಿ ಕಿರಿದು ಮಾಡಿ, 950ರಿಂದ 2150ರವರೆಗೆ 1 ಮೆಗಾಹರ್ಟ್ಸ್‌ನಂತೆ ಹೆಜ್ಜೆ ಹಾಕಿಸಿ. ಪ್ರತಿ ಹೆಜ್ಜೆಯಲ್ಲಿ ಎಜಿಸಿ ಅಂಕಿ ಬರೆದುಕೊಳ್ಳಿ. ಗೇನ್ ಎಲ್ಲಿ ಕುಗ್ಗಿತೋ ಅಲ್ಲಿ ಯಾವುದೋ ಕ್ಲಾಕ್ ಕೂತಿದೆ. ಬಾಕ್ಸು ಸುಮ್ಮನಿರುವಾಗ ಅಳೆದರೆ ಸುಮ್ಮನಿರುವ ಬಾಕ್ಸಿನ ಫಲಿತಾಂಶವೇ ಸಿಗುತ್ತದೆ. ಯುಎಸ್‌ಬಿಯಿಂದ ಓಡುವ ಚಿತ್ರ, 1080ಪಿ ಎಚ್‌ಡಿಎಂಐ, ಈಥರ್ನೆಟ್ಟಿನಲ್ಲಿ ದತ್ತಾಂಶ, ಎಲ್ಲ ಒಟ್ಟಿಗೆ ನಡೆಯುತ್ತಿರಲಿ.

ಸಿಗ್ನಲ್ ಜನರೇಟರ್ ಇದ್ದರೆ 5 ಮೆಗಾಹರ್ಟ್ಸ್‌ಗೊಂದರಂತೆ 241 ಆವರ್ತನಗಳಲ್ಲಿ ಸಂಕೇತವನ್ನು ಕುಗ್ಗಿಸುತ್ತಾ ಹೋಗಿ, ವಿಟರ್ಬಿ (ದೋಷ ತಿದ್ದುವ ಮೊದಲ ಹಂತ) ಆದಮೇಲಿನ ಬಿಟ್ ದೋಷ 10,000ಕ್ಕೆ 2 ಮುಟ್ಟುವ ಮಟ್ಟವನ್ನು ಗುರುತು ಹಾಕಿ. ಗ್ರಾಫ್ ನೆಟ್ಟಗಿರಬೇಕು. ಎಲ್ಲಿ ಹಲ್ಲು ಎದ್ದಿದೆಯೋ ಅಲ್ಲಿ ಒಂದೊಂದೇ ಭಾಗವನ್ನು ನಿಲ್ಲಿಸಿ ನೋಡಿ, ಯಾವುದನ್ನು ನಿಲ್ಲಿಸಿದಾಗ ಹಲ್ಲು ಮಾಯವಾಯಿತೋ ಅದೇ ಮೂಲ. ಅದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಹುಡುಕಲು 5ರಿಂದ 10 ಮಿಲಿಮೀಟರಿನ ತಂತಿಯ ಉಂಗುರವನ್ನು ಸ್ಪೆಕ್ಟ್ರಮ್ ಅನಲೈಸರಿಗೆ ಕಟ್ಟಿ ಬೋರ್ಡಿನ ಮೇಲೆ ಆಡಿಸಿ.

ಬಾಕ್ಸು ಮಾರುಕಟ್ಟೆಗೆ ಹೋದ ಮೇಲೂ ಈ ಗ್ರಾಫನ್ನು ಎತ್ತಿಡಬೇಡಿ. ಆರು ತಿಂಗಳಿಗೆ ಖರೀದಿ ವಿಭಾಗದವರು ಬೇರೆ ಕಂಪನಿಯ ಡಿಡಿಆರ್ ಚಿಪ್ಪು ತರುತ್ತಾರೆ. ಪಿನ್ ಅದೇ, ವೇಗ ಅದೇ, ಅಂಚು ಮಾತ್ರ ಚುರುಕು. ಆವತ್ತು ಆ 241 ಆವರ್ತನಗಳನ್ನು ಮತ್ತೆ ಮೊದಲಿನಿಂದ ಅಳೆಯಿರಿ.